ಕಾಲಂ ಏಳು: ಇತರ ವಾರಸುದಾರರು

ಪಾವಗಡ ಸೀಮೆಯ ನಾಡಕಚೇರಿ. ಮಂಗಳವಾರ.
ಈರಪಾತಯ್ಯ ಬಂದರು, ಇಪ್ಪತ್ತು ರೂಪಾಯಿಯ ಛಾಪಾ ಕಾಗದ ನಾಲ್ಕು ಮಡಿಕೆ ಮಡಚಿ,
ಹಿಂದೆ ಹೆಳವರ ಸಿದ್ಲಿಂಗ.
ಇವನಪ್ಪ ಎತ್ತಿನ ಮೇಲೆ ಬರುತ್ತಿದ್ದ, ಗಂಟೆ ಬಾರಿಸುತ್ತ.
ಇವನದು ಟಿವಿಎಸ್. ಗಂಟೆ ಮಾತ್ರ ಅದೇ, ಹ್ಯಾಂಡಲಿಗೆ ಕಟ್ಟಿದೆ.

ಬೆಟ್ಟದ ಬುಡದ ಆರು ಎಕರೆಗೆ
ಸೋಲಾರಿನವರು ಬಾಡಿಗೆ ಕೊಡುತ್ತಾರಂತೆ. ವಂಶಾವಳಿ ಬೇಕು.
ಮೂಲಪುರುಷ ಯಾರು ಅಂದೆ.
ಎಲ್ಲರೂ ತಾತನ ಹೆಸರು ಹೇಳುತ್ತಾರೆ, ಹೆಚ್ಚೆಂದರೆ ಮುತ್ತಾತ.
ಈರಪಾತಯ್ಯ ಮೀಸೆಗೆ ಕೈಯಿಟ್ಟು
"ಸಿಡಿಗಲ್ಲು ದುರ್ಗದ ಇಮ್ಮಡಿ ಓಬಳನಾಯಕ" ಅಂದರು.
ಮೃತರೋ, ಜೀವಂತವೋ?
ನಮೂನೆಯಲ್ಲಿದೆ, ಕೇಳಲೇಬೇಕು.
ಮರಣಪತ್ರ ಇಲ್ಲ, ಮೇಲೊಂದು ವೀರಗಲ್ಲು ಇದೆ,
ಜೆರಾಕ್ಸ್ ಮಾಡಿಸಲಾಗಲಿಲ್ಲ ಅಂದರು.
ಇಬ್ಬರೂ ನಗಲಿಲ್ಲ.

ಸಿದ್ಲಿಂಗ ಬಟ್ಟೆ ಬಿಚ್ಚಿ ಪುಸ್ತಕ ತೆಗೆದ.
ಹುಳ ತಿಂದ ಅಂಚು, ಅರಿಶಿನದ ವಾಸನೆ.
ಓದಲಿಲ್ಲ ಅವನು. ಪುಸ್ತಕ ಮುಟ್ಟಿಕೊಂಡು ಹೇಳಿದ, ಕಣ್ಣು ಕಿಟಕಿಯಾಚೆ:

ಒಂಬತ್ತು ವರ್ಷಕ್ಕೆ ಶಿರಾಕ್ಕೆ ಒತ್ತೆ ಹೋದ ಹುಡುಗ,
ಅಪ್ಪ ಕಪ್ಪ ತಪ್ಪಿಸಿದ್ದಕ್ಕೆ.
ಏಳು ವರ್ಷ ಕಳೆದು ಬಂದಾಗ ತಾಯಿಗೆ ಗುರುತು ಹತ್ತಿದ್ದು
ಕಿವಿಯ ಹಿಂದಿನ ಮಚ್ಚೆಯಿಂದ.
ತಮ್ಮನಿಗೆ ಅದೂ ಹತ್ತಲಿಲ್ಲ.
ತಮ್ಮ ಬಯ್ಯಣ್ಣ. ಅಣ್ಣನ ಕುದುರೆ, ಅಣ್ಣನ ಹಾಸಿಗೆ
ಏಳು ವರ್ಷ ಅವನದೇ ಆಗಿತ್ತಲ್ಲ.

ಹೆಂಡಿರು ಮೂವರು.
ಒಬ್ಬಳು ಕೆರೆಗೆ, ಒಬ್ಬಳು ಕಣಿವೆಗೆ, ಒಬ್ಬಳು ಎಂಬತ್ತು ಕುದುರೆಗೆ.
ಮನಸ್ಸಿಟ್ಟು ತಂದವಳು ನಾಲ್ಕನೆಯವಳು, ಅವಳು ಲೆಕ್ಕಕ್ಕಿಲ್ಲ.
ಹೆಣ್ಣುಮಕ್ಕಳು ಐವರು.
ಯಾವ ಪಾಳೆಯದಿಂದ ಈ ವರ್ಷ ದಂಡು ಬರುವ ಹೆದರಿಕೆಯೋ
ಆ ಪಾಳೆಯಕ್ಕೆ ಈ ವರ್ಷದ ಮದುವೆ.
ಸುತ್ತಲ ಅಷ್ಟೂ ಬೆಟ್ಟ ಅಳಿಯಂದಿರದ್ದಾಯಿತು,
ಕೊನೆಗೆ ಮಾವನ ಮೇಲೆ ಏರಿಬಂದವರೂ ಅಳಿಯಂದಿರೇ.
ಮುತ್ತಿಗೆಯ ಹೊತ್ತಲ್ಲಿ ಕಡೆಯವಳು, ಚೆನ್ನಾಜಮ್ಮ,
ಗಂಡನ ಡೇರೆಯಲ್ಲಿ ನಿಂತು ತವರಿನ ದೀಪ ಎಣಿಸುತ್ತಿದ್ದಳಂತೆ.
ಒಂದು ಕಡಿಮೆಯಾದ ರಾತ್ರಿ ಉಣ್ಣಲಿಲ್ಲ.

ನಾನು ಬರೆಯುತ್ತಿದ್ದೆ: ಅರ್ಜಿದಾರರೊಂದಿಗೆ ಸಂಬಂಧ.
ಪೆನ್ನು ಅಲ್ಲೇ ನಿಂತಿತು. ಈರಪಾತಯ್ಯ ಟೀ ತರಿಸಿದರು.
"ಬಯ್ಯಣ್ಣನ ಕಡೆಯವರು?" ಅಂದೆ. ಕಾಲಂ ಏಳು, ಬಿಡುವಂತಿಲ್ಲ.

ಸಿದ್ಲಿಂಗ ಒಂದು ಗುಟುಕು ನುಂಗಿದ.
ಮಹಾನವಮಿ. ಅಣ್ಣ ತಮ್ಮ ಒಂದೇ ಪಂಕ್ತಿ.
ಎಲೆಗೆ ತುಪ್ಪ ಬೀಳುವಾಗ ಅಣ್ಣ ಎದ್ದ, ಏನೋ ನೆನಪಾದವನ ಹಾಗೆ.
ಕೂತವನು ಕೂತಲ್ಲೇ ಹೋದ.
ತುಂಬಿದ ಬಸುರಿಯನ್ನು ಕುರುಬರ ಮುದುಕಿಯೊಬ್ಬಳು
ಉಣ್ಣೆಯ ಹೊರೆಯಲ್ಲಿ ಸುತ್ತಿ, ಕತ್ತೆಯ ಮೇಲೆ ಹೇರಿ,
ದಿಡ್ಡಿ ಬಾಗಿಲಿಂದ ಇಳಿಸಿದಳು.
ಆಮೇಲಿನದು ಪುಸ್ತಕದಲ್ಲಿಲ್ಲ.
"ಆ ಕುಡಿಯವ್ರು ಈಗ್ಲೂ ಮಹಾನವಮಿ ದಿನ
ನಿಂತ್ಕಂಡೇ ಉಣ್ತಾರಂತೆ ಸ್ವಾಮಿ. ಎಲ್ಲವ್ರೋ."

ನಮ್ಮ ಅಡುಗೆಮನೆ.
ಗೋಡೆಗೆ ಒರಗಿ ಅಪ್ಪ, ಚಿಕ್ಕಪ್ಪ,
ಅಂಗೈಯಲ್ಲಿ ಎಲೆ ಹಿಡಿದ ನಾವು ಹುಡುಗರು,
ಒಬ್ಬಟ್ಟಿನ ತುಪ್ಪ ಮೊಣಕೈವರೆಗೆ ಇಳಿಯುತ್ತ.
ಯಾಕಜ್ಜಿ ಕೂರಬಾರದು?
"ಕೂರಬಾರ್ದು, ಅಷ್ಟೇ. ಬಾಗಿಲ ಕಡೆ ಮುಖ ಮಾಡ್ಕಳೋ."

ಈರಪಾತಯ್ಯ ಬಿಸ್ಕತ್ತು ಅದ್ದಲು ಬಗ್ಗಿದರು.
ಕಿವಿಯ ಹಿಂದೆ ನೋಡಿದೆ. ಮಫ್ಲರ್ ಇತ್ತು.

ಸಿದ್ಲಿಂಗ ಹಾಳೆ ತಿರುವಿದ, ಖಾಲಿ ಹಾಳೆ.
"ತಮ್ಮ ಬೆಡಗು ಯಾವ್ದು ಸ್ವಾಮಿ?"

ಸರ್ವರ್ ಇಲ್ಲ ಅಂದೆ. ನಾಳೆ ಬನ್ನಿ.

ಆಗಲಿ, ಕೂತು ಟೀ ಮುಗಿಸಿ ಅಂದರು ಈರಪಾತಯ್ಯ,
ಮೆತ್ತಗೆ, ಮನೆಯವರಿಗೆ ಹೇಳುವ ಹಾಗೆ.
ಯಾವಾಗ ಎದ್ದು ನಿಂತಿದ್ದೆನೋ,
ಲೋಟ ಕೈಯಲ್ಲೇ ಇತ್ತು,
ಮುಖ ಬಾಗಿಲ ಕಡೆ.