ಡಬ್ಬಿಯ ತಳ

ಅಳೆಯುವ ಡಬ್ಬಿಯ ತಳಕ್ಕೆ ಹೊರಗಿನಿಂದ ಗುದ್ದುತ್ತಾರೆ,
ಸುತ್ತಿಗೆಗೆ ಬಟ್ಟೆ ಸುತ್ತಿ, ಸದ್ದಾಗದ ಹಾಗೆ.
ಹಿಡಿ ಕಾಳು ಹಿಡಿಯುವಷ್ಟು ತಗಡು
ಒಳಗೆ ಉಬ್ಬಿ ಕೂರುತ್ತದೆ.
ನೈರೋಬಿಯ ನಮ್ಮ ಓಣಿಯಲ್ಲಿ ಹಾಲುಹಲ್ಲಿನ ಮಕ್ಕಳೂ ಬಲ್ಲರು.
ತಳ ಮುಟ್ಟಿ ನೋಡುವುದು ಮಾತ್ರ
ಮರ್ಯಾದೆಯಲ್ಲ.

ನಮ್ಮದು ಐದಂತಸ್ತು.
ನೀರು ಮೂರರವರೆಗೆ ಏರುತ್ತದೆ,
ಬೆಲೆ ಐದಕ್ಕೂ.
ಎಣ್ಣೆ ಇಲ್ಲಿ ಬೆರಳುದ್ದ, ಸಕ್ಕರೆ ಚಿಟಿಕೆ,
ಸಾಬೂನು ಕುಯ್ದ ಚೂರು.
ಚೂರನ್ನೆಲ್ಲ ಕೂಡಿಸಿ ನೋಡಿದೆ ಒಂದು ರಾತ್ರಿ:
ಗೇಟಿನ ಮನೆಗಳವರಿಗಿಂತ ತುಟ್ಟಿಯ ಊಟ ನಮ್ಮದು!

"ಹಿಡಿ ಹಿಡಿ ಸೇರಿ ಸೇರು ತುಂಬೀತು"
ಎಂದಳು ಅವೂರ್, ಅವಳಜ್ಜಿಯ ಗಾದೆ.
"ತಳ ಉಬ್ಬಿದ್ದರೆ ಬೇಗ ತುಂಬೀತು"
ಎಂದಳು ಕೆರೂಬೊ.
ನಕ್ಕೆವು. ನಗುವಿನಲ್ಲೇ ಗುಂಪು ಆಯಿತು:
ಒಂಬತ್ತು ಒಲೆ, ಒಂದು ನೋಟುಪುಸ್ತಕ, ಬರೆಯುವವಳು ನಾನು, ಮುಂಬುವಾ.
ತಲೆಗೆ ಸಾವಿರದಿನ್ನೂರು, ಕೈಗಾಡಿಗೆ ಐವತ್ತು.
ನೆಕೇಸಾ ಅರ್ಧವನ್ನಷ್ಟೇ ತಂದಳು,
ನಾಣ್ಯಗಳಲ್ಲಿ, ಎಲ್ಲರೆದುರು ಎಣಿಸಿ.
ಬಾಕಿ, ಎಂದು ಬರೆದೆ. ಸಣ್ಣ ಅಕ್ಷರದಲ್ಲಿ ಬರೆದೆ.

ನಸುಕಿಗೆ ಮುಂಚೆ ಸಗಟು ಪೇಟೆ.
ಲಾರಿಯ ಮೇಲೆ ನಿಂತವನಿಗೆ ನಾವು
ಹೆಂಗಸರೆಂದು ಕಾಣುವ ಮೊದಲು
ನೋಟಿನ ಕಟ್ಟೆಂದು ಕಂಡೆವು; ಅದೇ ಒಳ್ಳೆಯದಾಯಿತು.
ತೊಂಬತ್ತು ಕಿಲೋ ಕೆಂಪು ಬೀನ್ಸ್ ಕಾಳು,
ಕತ್ತಾಳೆ ದಾರದ ಹೊಲಿಗೆ.
ಚೆಲಗಾತ್ ಗೋಣಿಯ ಮೂಸಿ, ತೇವವಿಲ್ಲ, ಎಂದಳು.
ಏರಿನಲ್ಲಿ ಗಾಡಿಯನ್ನು ನಾವೂ ನೂಕಿದೆವು,
ಮೊದಲ ಸಲ ಊಟವನ್ನು ಇಷ್ಟು ಭಾರವೆಂದು ಬೈಯುತ್ತ.

ಮೆಟ್ಟಿಲ ಬುಡದಲ್ಲಿ ಹೊಲಿಗೆ ಬಿಚ್ಚಿದಾಗ ನೆನಪಾಯಿತು:
ಅಳೆಯಲು ಡಬ್ಬಿ ಇಲ್ಲ.

ಕೆಳಗಿನ ಗೂಡಂಗಡಿಯ ಬೊಸಿಬೊರಿ
ತನ್ನದನ್ನೇ ಕೊಟ್ಟಳು.
ಕೇಳಿದ ಕೂಡಲೆ ಕೊಟ್ಟಳು.
ಸೆರಗಿನ ಚುಂಗಿನಲ್ಲಿ ಒರೆಸಿ ಕೊಟ್ಟಳು.

ಎಲ್ಲರಿಗೂ ಒಂದೇ ಡಬ್ಬಿ ಆದಾಗ
ಉಬ್ಬು ಯಾರಿಗೆ ಮೋಸ?
ಅಳೆದೆವು. ತಲೆಗೆ ಐದರಂತೆ
ನಲವತ್ತೈದಕ್ಕೆ ಮುಗಿಯಬೇಕಿತ್ತು ಲೆಕ್ಕ.
ಮುಗಿಯಲಿಲ್ಲ.
ನಲವತ್ತಾರು, ಎಂದಳು ಅವೂರ್, ಜೋರಾಗಿ.
ನಲವತ್ತೇಳು, ಮೆಲ್ಲಗೆ.
ಆಮೇಲೆ ಯಾರೂ ಬಾಯಿಬಿಟ್ಟು ಎಣಿಸಲಿಲ್ಲ,
ಐವತ್ತಾಗುವವರೆಗೆ.
ಗೋಣಿ ಸುಳ್ಳು ಹೇಳುವುದಿಲ್ಲ, ಪಾಪ, ಅದಕ್ಕೆ ತಳ ಒಂದೇ.

ಹತ್ತಕ್ಕೊಂದು.
ಹನ್ನೊಂದು ವರ್ಷದ ಸಾರಿನಿಂದ ಹತ್ತಕ್ಕೊಂದು.
ಕೆರೂಬೊ ಎದ್ದು ನಿಂತಳು, ಕೈಯಲ್ಲಿ ಡಬ್ಬಿ,
ಅಂಗಡಿಯ ಕಡೆಗೆ ಮುಖ.
ಕೂರು, ಎಂದಳು ನೆಕೇಸಾ.
ಅವಳು ಮಾತಾಡಿದ್ದು ಅವತ್ತು ಅದೊಂದೇ.

ನೆಕೇಸಾಳ ಗಂಡ ಮಲಗಿದ ಮಾರ್ಚಿನಲ್ಲಿ
ಹತ್ತೊಂಬತ್ತು ದಿನ ಅವಳಿಗೆ ಸಾಲ ಕೊಟ್ಟಿದ್ದು
ಬ್ಯಾಂಕಲ್ಲ, ಚರ್ಚಲ್ಲ, ನಾವೂ ಅಲ್ಲ,
ಇದೇ ಡಬ್ಬಿ.

ಮಿಕ್ಕ ಐದಕ್ಕೆ ಸ್ವಲ್ಪ ಜಗಳವಾಯಿತು; ಬರೆಯುವುದಿಲ್ಲ.
ಗೋಣಿಯಲ್ಲೇ ಇರಲೆಂದು ಬಾಯಿ ಕಟ್ಟಿದೆವು.
ನನ್ನ ಮಂಚದ ಕೆಳಗಿದೆ. ಮಗ್ಗುಲಾದರೆ ಕಾಲಿಗೆ ತಾಗುತ್ತದೆ.

ಡಬ್ಬಿ ಮರಳಿಸಲು ನಾನೇ ಹೋದೆ.
"ಎಷ್ಟಾಯಿತು?" ಎಂದಳು ಬೊಸಿಬೊರಿ
ಟೊಮೆಟೊ ಜೋಡಿಸುತ್ತ, ಮೂರರ ಮೇಲೊಂದು.
"ನಲವತ್ತೈದು," ಅಂದೆ.
ಅವಳ ಕೈ ನಿಂತಿತು. ಮತ್ತೆ ಜೋಡಿಸಿತು.
ಬರಿಗೈಲಿ ತಿರುಗಲಾರದೆ
ಬೆಂಕಿಪೊಟ್ಟಣ ಕೊಂಡೆ,
ಮನೆಯಲ್ಲಿ ಎರಡಿದ್ದವು.
ಅದನ್ನು ಯಾವ ಲೆಕ್ಕಕ್ಕೆ ಬರೆಯಲಿ ಎಂದು
ಪುಸ್ತಕ ತೆರೆದುಕೊಂಡು ಕೂತಿದ್ದಾಗ, ರಾತ್ರಿ,
ಕೆಳಗೆ ಎಲ್ಲೋ ತಗಡಿನ ಮೇಲೆ ಸುತ್ತಿಗೆ.
ಕಟ್ಟಡದಲ್ಲೆಲ್ಲ ಕೇಳಿಸಿತು.
ಬಟ್ಟೆ ಸುತ್ತಿರಲಿಲ್ಲ.