ಜೇಬಿನಲ್ಲಿ ಹೊಲ

ಹಾರ್ಶಮ್ ದಾಟಿ, ಸೈಲೋಗಳ ನೆರಳೂ ಮುಗಿದ ಮೇಲೆ
ಫೋನಿನ ಗೆರೆಗಳು ಒಂದೊಂದೇ ಉದುರುತ್ತವೆ.
ಎರಡು. ಒಂದು. ಆಮೇಲೆ ಬರೀ ಆಕಾಶ.
ಇಲ್ಲಿಂದ ಮುಂದಕ್ಕೆ ಏನೇ ಹೋಗಬೇಕಾದರೂ
ಯಾರಾದರೂ ಹೊತ್ತುಕೊಂಡೇ ಹೋಗಬೇಕು.

ಹಾಗಾಗಿ ಮೇ ತಿಂಗಳು, ಬಿತ್ತನೆ ಶುರುವಾಯಿತೆಂದರೆ
ಟ್ರ್ಯಾಕ್ಟರ್ ಅಂಗಡಿಯ ಸರ್ವಿಸ್ ಡೆಸ್ಕಿನ ನಾನು
ಅಂಗಿಯ ಜೇಬಿಗೆ ಗುಂಡಿ ಹಾಕಿ
ಆರುನೂರು ಹೆಕ್ಟೇರು ಒಯ್ಯುತ್ತೇನೆ.
ಯಾವ ಸಾಲು ಯಾವ ಕೋನ, ಎಲ್ಲಿ ಎಷ್ಟು ಗೊಬ್ಬರ,
ಬೇಲಿ ಎಲ್ಲಿ ಸೊಟ್ಟ, ಮರ ಎಲ್ಲಿ ಅಡ್ಡ,
ಎಲ್ಲ ಸೇರಿ ಏಳೆಂಟು ಹುಣಸೆಬೀಜದ ತೂಕ.

ಗ್ಲೆನಿಸ್ ಹೈನ್ರಿಕ್ ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಕೂತಿದ್ದಳು,
ಸೂಪರ್ ಮಾರ್ಕೆಟ್ಟಿನ ಹೊಸ ಪೆನ್‌ಡ್ರೈವ್ ಹಿಡಿದು.
"ನೂರಾ ಇಪ್ಪತ್ತೆಂಟು ಜಿಬಿ! ಆದರೂ ಏನೂ ಕಾಣದಂತೆ ಇದಕ್ಕೆ."
ಕಾಣುವುದಿಲ್ಲ. ಈ ಮುದಿ ಪರದೆಗೆ
ಮೂವತ್ತೆರಡರ ಆಚೆ ಲೆಕ್ಕ ಬರುವುದಿಲ್ಲ.
ಫೋಲ್ಡರಿನ ಹೆಸರಲ್ಲಿ ಒಂದಕ್ಷರ ತಪ್ಪಿದರೂ
ಗುರುತಿಲ್ಲದ ನೆಂಟನ ಹಾಗೆ
ಹೊಸ್ತಿಲಲ್ಲೇ ನಿಲ್ಲಿಸುತ್ತದೆ.

ನನ್ನ ಚಿಕ್ಕದನ್ನು ತೆಗೆದೆ. ತೂರಿಸಿದೆ, ಹೋಗಲಿಲ್ಲ.
ತಿರುಗಿಸಿದೆ, ಹೋಗಲಿಲ್ಲ.
ಮತ್ತೆ ತಿರುಗಿಸಿದೆ, ಹೋಯಿತು,
ಮೊದಲ ಸಲ ಹಿಡಿದಿದ್ದ ಹಾಗೇ ಇತ್ತು.
ಇಬ್ಬರೂ ನಕ್ಕೆವು. ಎರಡೇ ಬದಿಯ ವಸ್ತುವಿಗೆ
ಮೂರು ಪ್ರಯತ್ನ ಯಾಕೆ ಬೇಕೋ!

ಆಮೇಲೆ ಅವಳು ಇನ್ನೊಂದನ್ನು ತೆಗೆದಳು.
ಕೆಂಪು, ಮೂಲೆ ಸವೆದದ್ದು,
ಕುರಿಯ ಕಿವಿಗೆ ಹೊಡೆಯುವ ಹಳದಿ ಬಿಲ್ಲೆಗೆ ಕಟ್ಟಿದ್ದು.
"ಹನ್ನೊಂದು ಕೊಯ್ಲು ಇದರಲ್ಲಿವೆ. ಈ ಸಲದ ಗೊಬ್ಬರದ ಲೆಕ್ಕಕ್ಕೆ ಬೇಕು."
"ಬೇರೆ ಪ್ರತಿ?"
"ಕಳೆಯಬಾರದು ಅಂತ
ಒಂದೇ ಕಡೆ ಇಟ್ಟೆ."

ಲ್ಯಾಪ್‌ಟಾಪು ಸ್ವಲ್ಪ ಯೋಚಿಸಿ
ಬಹಳ ವಿನಯದಿಂದ ಕೇಳಿತು:
ಫಾರ್ಮ್ಯಾಟ್ ಮಾಡಲೇ?
ಮನೆ ಕೆಡವಲೇ ಎಂದು
ಅಂಗಳದಲ್ಲಿ ಚಪ್ಪಲಿ ಬಿಟ್ಟು ಕೇಳಿದ ಹಾಗೆ.

ಡಿಸೆಂಬರಿನಲ್ಲಿ, ಕೊಯ್ಲಿನ ನಡುವೆ,
ಪಕ್ಕದವರ ಕೂಳೆಗೆ ಬೆಂಕಿ ಬಿದ್ದಿತ್ತಂತೆ.
ಇದನ್ನು ಕಿತ್ತು ಜೇಬಿಗೆ ಹಾಕಿ
ನೀರಿನ ಟ್ಯಾಂಕ್ ಹತ್ತಿ ಓಡಿದ್ದಳು.
ಬೆಂಕಿ ಆರಿತ್ತು.
ಇದು ಇನ್ನೂ ಬರೆಯುತ್ತಿತ್ತು.

ನಾನು ಹೇಳತೊಡಗಿದೆ: ಒಳಗೆ ತಿರುಗುವುದೇನೂ ಇಲ್ಲ, ಗ್ಲೆನಿಸ್,
ಬಿದ್ದರೂ ತಾಳುತ್ತದೆ, ಒಗೆದರೂ ಒಮ್ಮೊಮ್ಮೆ ಬದುಕುತ್ತದೆ,
ಆದರೆ ಬರೆದು ಬರೆದು ಸವೆಯುತ್ತದೆ,
ಡ್ರಾಯರಿನಲ್ಲಿ ಸುಮ್ಮನೆ ಬಿಟ್ಟರೆ
ವರ್ಷಗಳಲ್ಲಿ ಮೆಲ್ಲಗೆ ಮರೆಯುತ್ತದೆ.
"ಬೀಜದ ಹಾಗೆ?" ಅಂದಳು.
ಬೀಜದ ಹಾಗೆಯೇ.
ನನ್ನ ಮೂರು ಪುಟದ ಕೈಪಿಡಿ ಅಲ್ಲಿಗೆ ಮುಗಿಯಿತು.

ಅವಳು ಎದ್ದು, ಕ್ಯಾಬಿನ್ನಿನ ದೂಳು ಹಿಡಿದ ಗಾಜಿನ ಮೇಲೆ
ತೋರುಬೆರಳಲ್ಲಿ ಎಳೆಯತೊಡಗಿದಳು.
ಇಲ್ಲಿ ಜುಲೈನಲ್ಲಿ ನೀರು ನಿಲ್ಲುತ್ತದೆ.
ಇದು ಏರು, ಮಸೂರ ಚೆನ್ನಾಗಿ ಬರುತ್ತದೆ.
ಇಲ್ಲಿ ಹಿಂದೆ ಕುರಿದೊಡ್ಡಿ ಇತ್ತು, ಗೊಬ್ಬರವೇ ಬೇಡ.
ಈ ಮೂಲೆ, ಬೆರಳು ಅಲ್ಲಿ ತುಸು ನಿಂತಿತು,
ಈ ಮೂಲೆಗೆ ಏನು ಹಾಕಿದರೂ ಅಷ್ಟೇ.

ಸಿಗ್ನಲ್ ಇಲ್ಲದ ಫೋನಿನಲ್ಲಿ ಚಿತ್ರ ತೆಗೆದುಕೊಂಡೆ.
ಗೆರೆಗಳ ಸಂದಿಯಲ್ಲಿ ನಿಜದ ಹೊಲವೂ ಕಂಡಿತು,
ಅದರ ಮೇಲೆ ಗುಲಾಬಿ ಎದೆಯ ಗಲಾ ಹಕ್ಕಿಗಳ ಹಿಂಡು.
ನಾಲ್ಕು ಎಂಬಿ.
ಅಂಗಡಿಗೆ ಮರಳಿ ಮೂರು ಕಡೆ ಇಡಬೇಕು.
ಆದರೆ ಟ್ರ್ಯಾಕ್ಟರಿಗೆ ಇದು ಓದಲು ಬರುವುದಿಲ್ಲ,
ಕೂತು ನಾನೇ ಮತ್ತೆ ಬರೆಯಬೇಕು, ಚೌಕ ಚೌಕವಾಗಿ.

ಹೊರಡುವಾಗ ಕಿಟಕಿ ಇಳಿಸಿ ಕೂಗಿದೆ:
"ಇನ್ನು ಮೇಲೆ ತೆಗೆಯುವ ಮುಂಚೆ ಇಜೆಕ್ಟ್ ಒತ್ತು,
ಅದು ಸರಿ ಅನ್ನುವವರೆಗೂ ಕಾಯಿ!"
ಎಂಜಿನ್ನಿನ ಸದ್ದಿನ ಮೇಲಿಂದ ಕೇಳಿದಳು:
"ಬೆಂಕಿ ಬಿದ್ದರೆ?"

ಗೇರಿನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.
ಬೆಂಕಿ ಬಿದ್ದರೆ
ಕಿತ್ತುಕೊಂಡೇ ಓಡು, ಅಂದೆ.