ಸೊನ್ನೆಯ ಮುಳ್ಳು

ಪಿಬಸ್ ಮುದುಕಿ ಪೆಟ್ಟಿಗೆ ವಾಪಸು ಕಳಿಸಿದ್ದಾಳೆ.
ಒಳಗೆ ನಾನು ಕೊಯ್ದ ಹಲಗೆ, ಹಲಗೆಯ ನಡುವೆ ಪ್ಲಾಟಿಪಸ್,
ಮೇಲೊಂದು ಚೀಟಿ, ಪೆನ್ಸಿಲ್ಲಿನ ಅಕ್ಷರ:
"ನಿನ್ನ ಪ್ರಾಣಿ ಎತ್ತಿದರೆ ಏಳುವುದಿಲ್ಲ. ಒತ್ತಿದರೆ
ಕೆಳಗೆ ಜಾರಿ ನನ್ನ ಮಡಿಲಿಗೆ ಬೀಳುತ್ತದೆ.
ಗರಗಸದ ಮೇಜು ವಾಲಿದೆ, ನೋಡಿಕೋ."

ಮೂವತ್ತೊಂದು ವರ್ಷ ಮರದ ಲಾರಿ ಓಡಿಸಿದವ ನಾನು.
ಹ್ಯೂಆನ್ ಕಣಿವೆಯ ತಿರುವುಗಳಲ್ಲಿ
ಟನ್ನುಗಟ್ಟಲೆ ದಿಮ್ಮಿ ಬೆನ್ನಿಗೆ ಕಟ್ಟಿಕೊಂಡು
ಒಂದು ದಿನ ಬಿಳಿಗೆರೆ ದಾಟಿದವನಲ್ಲ.
ಈಗ ಈ ಕುದುರೆಬಾಲದ ಕೂದಲಿನಂಥ ಬ್ಲೇಡು,
ಅಂಗೈಯಗಲದ ಹಲಗೆ,
ಎಂಬತ್ತಾರರ ಹೆಂಗಸೊಬ್ಬಳು ಲೆಕ್ಕ ಕೇಳುತ್ತಾಳೆ.

ಮೇಜಿನಡಿಯ ಮುಳ್ಳು ಸೊನ್ನೆಗೇ ನಿಂತಿದೆಯಲ್ಲ ಎಂದೆ.
ಕ್ಲೆಮ್ ಚಹಾ ಕಲಕುತ್ತ, ತಲೆಯೆತ್ತದೆ,
"ಮುಳ್ಳಿಗೇನು ಗೊತ್ತು. ಕಾರ್ಖಾನೆಯಲ್ಲಿ ಯಾರೋ
ಊಟದ ಗಂಟೆಗೆ ಮುಂಚೆ ಅಂಟಿಸಿದ್ದು."

ಮೂಲೆಮಟ್ಟ ತಂದು ಬ್ಲೇಡಿನ ಮಗ್ಗುಲಿಗೆ ತಾಗಿಸಿ
ಕಿಟಕಿಯ ಜುಲೈ ಬೆಳಕಿಗೆ ಕಣ್ಣು ಕಿರಿದು ಮಾಡಿದೆ.
ನಡುವೆ ಬೆಳಕಿನ ಎಳೆಯೂ ಇಲ್ಲ.
ಸರಿಯಿದೆ, ಎಂದೆ.
ಹೋದ ಚಳಿಗಾಲ ಅದು ಸಿಮೆಂಟಿಗೆ ಬಿದ್ದದ್ದು
ಕ್ಲೆಮ್‌ಗೆ ನೆನಪಿತ್ತು, ನನಗಿರಲಿಲ್ಲ.
ಬೀಳಿಸಿದವನು ನಾನೇ.

ರಸಮಟ್ಟ ಇಟ್ಟೆ. ಗುಳ್ಳೆ ಗುಡ್ಡದ ಕಡೆಗೆ ಓಡಿತು.
ಸೇಬಿನ ಪೆಟ್ಟಿಗೆ ತುಂಬುತ್ತಿದ್ದ ಕಾಲದಿಂದಲೂ
ಈ ಶೆಡ್ಡು ಹೊಳೆಗೆ ಬಾಗಿಕೊಂಡೇ ನಿಂತಿದೆ.
"ಭೂಮಿಯ ಪಂಚಾಯಿತಿ ನಮಗೆ ಬೇಡ," ಎಂದ ಅವನು,
"ಬ್ಲೇಡಿಗೂ ಮೇಜಿಗೂ ನ್ಯಾಯವಾದರೆ ಸಾಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಇಲ್ಲಿ ನೆಲ ಡೊಂಕೇ ಹೌದು,
ಮಟ್ಟ ಡೊಂಕು, ಮುಳ್ಳು ಸುಳ್ಳುಬುರುಕ,
ಕುಣಿಯುವುದು ಮಾತ್ರ ತಪ್ಪಿದ್ದಲ್ಲ.

ಮೂಲೆಯಲ್ಲಿ ಬಿದ್ದಿದ್ದ ಹ್ಯೂಆನ್ ಪೈನಿನ ತುಂಡು,
ಎರಡಂಗುಲ ದಪ್ಪ, ಹಳೆಯ ಬೆಣ್ಣೆಯ ಬಣ್ಣ.
ಅಂಚಿಗೆ ಒಂದು ಉಗುರಿನಾಳ ಕೊಯ್ದೆ. ಯಂತ್ರ ನಿಲ್ಲಿಸಿದೆ.
ಘಮವೊಂದು ಎದ್ದು ಮೂಗಿನಲ್ಲೇ ಕೂತಿತು.
ತುಂಡನ್ನು ಅರ್ಧ ಸುತ್ತು ತಿರುಗಿಸಿ
ಬ್ಲೇಡಿನ ಬೆನ್ನ ಕಡೆಯಿಂದ ತಂದರೆ
ತಾನೇ ಕೊರೆದ ಗೆರೆಗೆ ಅದು ಹೊಗಲೊಲ್ಲದು.
ಎತ್ತು ಏರಿಗೆ, ಕೋಣ ನೀರಿಗೆ.
ಮೇಲೆ ಕೂಡಿಸಿದರೆ ಕೆಳಗೆ ಅಗಲುತ್ತದೆ.

"ಇಷ್ಟೊಂದಾ?" ಎಂದೆ.
"ಅರ್ಧ ಮಾತ್ರ ತಪ್ಪು," ಎಂದ ಕ್ಲೆಮ್,
"ಉಳಿದರ್ಧ ನೀನು ತಿರುಗಿಸಿದ್ದಕ್ಕೆ ಬಂದದ್ದು.
ಕಂಡಷ್ಟೂ ತಿದ್ದಲು ಹೋಗಬೇಡ."

ತಿರುಪು ಸಡಿಲಿಸಿ ಬೆರಳ ಗೆಣ್ಣಿನಿಂದ ಮೇಜು ತಟ್ಟಿದೆ.
ಹೆಚ್ಚಾಯಿತು. ಹಿಂದಕ್ಕೆ. ಈಗ ಸಾಲದು.
ಬಿಗಿಯುವಾಗ ತಿರುಪೇ ಅದನ್ನು ಚೂರು ಎಳೆದುಕೊಳ್ಳುತ್ತದೆ,
ಆ ಚೂರನ್ನೂ ಮೊದಲೇ ಬಿಟ್ಟುಕೊಡಬೇಕು.
ಮತ್ತೊಂದು ಗೆರೆ. ಮತ್ತೊಂದು.
ಕೆಟಲು ಎರಡು ಸಲ ಕುದಿದು ತಣ್ಣಗಾಯಿತು.
ನನಗೆ ಆ ಗುಡ್ಡದ ಮರಗಳು ನೆನಪಾದವು,
ಕಡಿದಾದ ಇಳಿಜಾರಿನಲ್ಲೂ ಬಾಣದಂತೆ ಎದ್ದವು,
ಕಡಿದು ಮಲಗಿಸಿದ ಮೇಲಷ್ಟೇ ನಾನು ಕಂಡವು.
ಅವು ಯಾವ ಮೇಜಿಗೆ ನೇರವಾಗಿದ್ದವೋ
ಲಾರಿಯಲ್ಲಿ ಕೂತವ ಕೇಳಿರಲಿಲ್ಲ.

ಆರನೆಯ ಗೆರೆಗೆ ಬ್ಲೇಡು ಹೊಕ್ಕಿತು.
ಕತ್ತಲಲ್ಲೂ ತನ್ನ ಮನೆ ಗೊತ್ತಿರುವವರಂತೆ,
ತಾಗದೆ, ತಡವರಿಸದೆ.
ಕ್ಲೆಮ್ ಬ್ಲೇಡನ್ನೊಮ್ಮೆ ಮೀಟಿದ. ತಂತಿ ಹಾಡಿತು.
ಏನೂ ಹೇಳದೆ ಬಿಸ್ಕತ್ತಿನ ಡಬ್ಬಿ ನನ್ನತ್ತ ತಳ್ಳಿದ.

ಗುರುವಾರ ಹೊಳೆದಂಡೆಯ ವೃದ್ಧಾಶ್ರಮಕ್ಕೆ
ಹೊಸ ಪ್ಲಾಟಿಪಸ್ ನಾನೇ ಒಯ್ದೆ.
ಪೆಟ್ಟಿಗೆ ಹಲಗೆಯ ಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆದು
ಸಂಸಾರ ಸಾಕಿದ ಹೆಂಗಸು, ಆಮೇಲೆ ತಿಳಿಯಿತು.
ಮಡಚಲಾಗದ ಎರಡು ಬೆರಳಲ್ಲಿ ಅದನ್ನೆತ್ತಿದಳು,
ಕೆಳಗಿಂದ ತೂರಿಸಿ ಮತ್ತೆ ಕೂರಿಸಿದಳು,
ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ,
ಕಿಟಕಿಗೆ ಹಿಡಿದು ಅಂಚಿನ ಸುತ್ತ ಬೆಳಕು ನೋಡಿದಳು.

"ಬಾಲ ಸ್ವಲ್ಪ ದಪ್ಪವಾಯಿತು," ಎಂದಳು,
ತಿರುಗಿ ಕೊಡಲಿಲ್ಲ.